ಮನ ಚೆಟ್ಟು, ಮಾ ಚೆಟ್ಟು

ಈ ಸಲದ ಮೇ ತಿಂಗಳಲ್ಲಿ ಕೋಲಾರದ ನಮ್ಮ ಮನೆಗೆ ಎರಡು ಭಾರದ ವಸ್ತುಗಳು ಒಟ್ಟಿಗೇ ಬಂದವು. ಒಂದು, ಹುಲ್ಲು ಹಾಸಿ ಹಣ್ಣಿಗಿಟ್ಟಿದ್ದ ಬಾದಾಮಿ ಮಾವಿನ ಪೆಟ್ಟಿಗೆ. ಇನ್ನೊಂದು, ವ್ಯಾಕರಣದ ಪುಸ್ತಕ. ಎರಡನ್ನೂ ಹೊತ್ತು ತಂದವಳು ನನ್ನ ಚಿಕ್ಕಪ್ಪನ ಮೊಮ್ಮಗಳು. ಮೈಸೂರಿನಲ್ಲಿ ಭಾಷಾವಿಜ್ಞಾನ ಓದುತ್ತಾಳೆ. ಪೆಟ್ಟಿಗೆಯನ್ನು ಅಡುಗೆಮನೆಗೆ ತಳ್ಳಿ, ಪುಸ್ತಕವನ್ನು ನನ್ನ ತೊಡೆಯ ಮೇಲೆ ಇಳಿಸಿ, "ಪೆದ್ನಾಯ್ನಾ, ಇದನ್ನ ನೋಡು, ನಿಂಗಿಷ್ಟ ಆಗತ್ತೆ" ಅಂದಳು. ಪೆದ್ನಾಯ್ನ ಅಂದರೆ ದೊಡ್ಡಪ್ಪ.

ನನಗೆ ವ್ಯಾಕರಣ ಇಷ್ಟ ಎಂಬ ಗಾಳಿಸುದ್ದಿ ನಮ್ಮ ಬಳಗದಲ್ಲಿ ಬಹಳ ಕಾಲದಿಂದ ಇದೆ. ಮೂವತ್ತನಾಲ್ಕು ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ 'ಸದರಿ', 'ಮೇಲ್ಕಂಡ', 'ಸಂಬಂಧಪಟ್ಟ' ಎಂದು ಬರೆದವನಿಗೆ ವ್ಯಾಕರಣ ಇಷ್ಟವಿರಲೇಬೇಕು ಎಂದು ಅವರು ತಿಳಿದಂತಿದೆ. ನಿಜ ಹೇಳಬೇಕೆಂದರೆ ವ್ಯಾಕರಣದಿಂದ ನನ್ನ ಮನೆತನಕ್ಕೆ ಒಂದು ಮರ ಹೋಗಿದೆ, ಒಂದು ಉಪ್ಪಿನಕಾಯಿ ಜಾಡಿ ಹೋಗಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಪುಸ್ತಕ ಮ್ಬುಲಾ ಎಂಬ ಭಾಷೆಯದು. ಪಪುವಾ ನ್ಯೂಗಿನಿಯ ಉಂಬೋಯ್ ಎಂಬ ದ್ವೀಪದ ಜನ ಆಡುವ ಮಾತು. ರಾಬರ್ಟ್ ಬುಗನ್‌ಹೇಗನ್ ಎಂಬುವರು ಬರೆದದ್ದು, 1995ರಲ್ಲಿ ಆಸ್ಟ್ರೇಲಿಯಾದಲ್ಲಿ ಅಚ್ಚಾದದ್ದು. ಪದದ ಮೊದಲಿಗೇ 'ಮ್ಬ' ಬಂದರೆ ನಮ್ಮ ಬಾಯಿ ಎಡವುತ್ತದೆ. ಸ್ಕೂಲು ಇಸ್ಕೂಲಾದ ಹಾಗೆ ನನ್ನ ಹೆಂಡತಿಯ ಬಾಯಲ್ಲಿ ಅದು ಅರೆಕ್ಷಣದಲ್ಲಿ 'ಅಂಬುಲ' ಆಯಿತು. "ಅಂಬುಲದಲ್ಲಿ ಏನೈತೆ ನೋಡಿ, ನಾನು ಹಣ್ಣು ಒರೆಸ್ತೀನಿ" ಅಂತ ಒಳಗೆ ಹೋದಳು.

ನೋಡಿದೆ. ನಮ್ಮಲ್ಲಿ ಕೆಲಸ ಮಾಡಿದವರು ಯಾರು ಎಂಬುದು ಕ್ರಿಯಾಪದದ ಬಾಲದಲ್ಲಿರುತ್ತದೆ. ಬಂದೆ, ಬಂದಳು, ಬಂದರು. ಬಾಲ ಕಾಣುವ ತನಕ ಬಂದವರು ಗಂಡೋ ಹೆಣ್ಣೋ ತಿಳಿಯುವುದಿಲ್ಲ. ಅವರಲ್ಲಿ ಮಾಡಿದವರು ಯಾರೆಂಬುದು ಕ್ರಿಯಾಪದದ ಮೂತಿಯಲ್ಲೇ ಇರುತ್ತದಂತೆ. ಕೈ, ಕಾಲು, ಹೊಟ್ಟೆ, ಅಪ್ಪ, ಅಮ್ಮ ಮುಂತಾದ ಪದಗಳು ಒಂಟಿಯಾಗಿ ನಿಲ್ಲದೆ, 'ನನ್ನ', 'ನಿನ್ನ' ಎಂಬುದನ್ನು ಮೈಗೇ ಅಂಟಿಸಿಕೊಂಡು ಬರುತ್ತವೆ. ಸಿಟ್ಟು ಬಂದರೆ ಅವರು ಯಕೃತ್ತನ್ನು ಮುಂದೆ ಮಾಡುತ್ತಾರೆ. ಮಟನ್ ಅಂಗಡಿಯಲ್ಲಿ ಲಿವರ್ ಅನ್ನುತ್ತೇವಲ್ಲ, ಅದೇ. ನಮಗೆ ಹೊಟ್ಟೆ ಉರಿಯುತ್ತದೆ, ಕರುಳು ಚುರ್ ಅನ್ನುತ್ತದೆ, ತಲೆ ಬಿಸಿಯಾಗುತ್ತದೆ. ಅವರಿಗೆ ಯಕೃತ್ತು ಜಗಳಕ್ಕೆ ನಿಲ್ಲುತ್ತದೆ. ಇಷ್ಟರಲ್ಲಿ ನನಗೆ ಆ ದ್ವೀಪದವರು ಪಕ್ಕದ ಬೀದಿಯವರಂತೆ ಕಾಣತೊಡಗಿದರು.

ಸರ್ವನಾಮಗಳ ಪುಟಕ್ಕೆ ಬಂದಾಗ ಕೈ ನಿಂತಿತು. ಅವರಿಗೆ 'ನಾವು' ಎರಡು. 'ನಿಯಾಮ್' ಅಂದರೆ ನಾವು, ಕೇಳುತ್ತಿರುವ ನೀನು ಬಿಟ್ಟು. 'ಇತಿ' ಅಂದರೆ ನಾವು, ನೀನೂ ಸೇರಿ.

"ಇದಕ್ಕೆ ಸಮುದ್ರ ದಾಟಿ ಹೋಗ್ಬೇಕಿತ್ತಾ? ನಮ್ಮ ಹಿತ್ತಲಲ್ಲೇ ಇತ್ತಲ್ಲ" ಅಂದೆ.

"ಅದಕ್ಕೇ ತಂದಿದ್ದು" ಅಂದಳು ಹುಡುಗಿ.

ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಬಹಳ ಮನೆಗಳಲ್ಲಿ ಹೊಸಿಲಿನೊಳಗೆ ತೆಲುಗು, ಹೊಸಿಲಾಚೆ ಕನ್ನಡ. ಅಳುವುದು ತೆಲುಗಿನಲ್ಲಿ, ಅರ್ಜಿ ಕನ್ನಡದಲ್ಲಿ. ತೆಲುಗಿನಲ್ಲಿ 'ಮೇಮು' ಅಂದರೆ ನೀನು ಬಿಟ್ಟು ನಾವು, 'ಮನಮು' ಅಂದರೆ ನೀನೂ ಸೇರಿ ನಾವು. 'ಮಾ ಇಲ್ಲು' ಅಂದರೆ ನಮ್ಮ ಮನೆ, ನಿನ್ನದಲ್ಲ. 'ಮನ ಇಲ್ಲು' ಅಂದರೂ ನಮ್ಮ ಮನೆಯೇ, ಚಪ್ಪಲಿ ಬಿಟ್ಟು ಒಳಗೆ ಬಾ. ಕನ್ನಡದ 'ನಮ್ಮ ಮನೆ' ಎರಡಕ್ಕೂ ಒಂದೇ ಬಾಗಿಲು. ಒಳಗೆ ಕರೆದರೋ ಹೊರಗೆ ನಿಲ್ಲಿಸಿದರೋ ಮುಖ ನೋಡಿಯೇ ತಿಳಿಯಬೇಕು. ಹಳಗನ್ನಡದಲ್ಲಿ 'ಎಮ್ಮ', 'ನಮ್ಮ' ಎರಡೂ ಇದ್ದವು. 'ಎಮ್ಮ' ಈಗ ಪದ್ಯಗಳಲ್ಲೂ ನವೆಂಬರ್ ತಿಂಗಳ ಭಾಷಣಗಳಲ್ಲೂ ಮಾತ್ರ ಕಾಣಸಿಗುತ್ತದೆ.

ಮಾಲೂರಿನ ಕಡೆಗೆ ಹೋದರೆ ಇದಕ್ಕೆ ಇನ್ನೊಂದು ಗಂಟು ಬೀಳುತ್ತದೆ. ಆ ಕಡೆ ತಮಿಳಿನ ಒಕ್ಕಲು ಹೆಚ್ಚು. ತಮಿಳಿನಲ್ಲೂ 'ನಾವು' ಎರಡೇ, ಆದರೆ ಅಲ್ಲಿ 'ನಮ್ಮ' ಅಂದರೆ ನೀನೂ ಸೇರಿ. ನನ್ನ ಹೆಂಡತಿಯ ತವರು ಮಾಲೂರು. ಅವರ ಪಕ್ಕದ ಮನೆಯಲ್ಲಿ ಹೆಂಚಿನ ಕಾರ್ಖಾನೆಗೆ ಹೋಗುತ್ತಿದ್ದ ತಮಿಳಿನ ದಂಪತಿ ಇದ್ದರು. ನಮ್ಮ ಅತ್ತೆ ಯಾವಾಗಲೋ "ನಮ್ಮನೆ ಹಿತ್ತಲಲ್ಲಿ ನುಗ್ಗೇಕಾಯಿ ಜಾಸ್ತಿ ಬಿಟ್ಟೈತೆ" ಅಂತ ಹೆಮ್ಮೆಗೆ ಹೇಳಿದರಂತೆ. ಪಕ್ಕದ ಮನೆಯಾಕೆ ಅದನ್ನು ತಮಿಳಿನ ಕಿವಿಯಲ್ಲಿ ಕೇಳಿಸಿಕೊಂಡು ಮಾರನೆಯ ದಿನ ಬೆಳಿಗ್ಗೆ ದೋಟಿ ತಂದು ನಿಂತರು. ಅತ್ತೆಗೆ ಬೇಡ ಅನ್ನಲು ಬಾಯಿ ಬರಲಿಲ್ಲ. ಇಪ್ಪತ್ತು ವರ್ಷ ಆ ನುಗ್ಗೆಕಾಯಿ ಎರಡೂ ಮನೆಯ ಸಾರಿಗೆ ಹೋಯಿತು. ತಪ್ಪು ತಿಳಿವಳಿಕೆಯಿಂದ ಇಷ್ಟು ಒಳ್ಳೆಯ ಸಾರು ಆದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅದೇ ತಾಲ್ಲೂಕಿನ ಮಾಸ್ತಿಯವರ ಮನೆಮಾತು ತಮಿಳು. ಅವರು ಕನ್ನಡದ ಆಸ್ತಿಯಾದರು. ಮಾಸ್ತಿ ಎಂಬ ಪದವೂ ನಡೆದೂ ನಡೆದೂ ಸವೆದದ್ದೇ. ಮಹಾಸತಿ ಮಾಸತಿಯಾಗಿ, ಮಾಸತಿ ಮಾಸ್ತಿಯಾಯಿತು. ನಮ್ಮ ಸೀಮೆಯಲ್ಲಿ ಪದ ಹುಟ್ಟುವುದಕ್ಕಿಂತ ಸವೆಯುವುದೇ ಜಾಸ್ತಿ. ಕುವಲಾಲ ಸವೆದು ಕೋಲಾರ. ಗಂಗರಸರು ತಲಕಾಡಿಗೆ ಹೋಗಿ ಕೂತ ಮೇಲೂ ಕುವಲಾಲಪುರದ ಒಡೆಯರೆಂದೇ ಬಿರುದು ಹೇಳಿಕೊಳ್ಳುತ್ತಿದ್ದರು. ನಾನು ಕೋಲಾರದಲ್ಲಿ ಮನೆ ಕಟ್ಟಿ ಮೂವತ್ತು ವರ್ಷವಾದರೂ ಯಾರಾದರೂ ಊರು ಕೇಳಿದರೆ ಶ್ರೀನಿವಾಸಪುರದ ಆಚೆಯ ಹಳ್ಳಿಯ ಹೆಸರನ್ನೇ ಹೇಳುತ್ತೇನೆ. ಅರಸರಿಗೇ ಬಿಡಲಾಗದ್ದು ಗುಮಾಸ್ತನಿಗೆ ಬಿಟ್ಟೀತೇ?

ಶ್ರೀನಿವಾಸಪುರದ ಕಥೆ ಬೇರೆ. ಅದು ಸವೆದದ್ದಲ್ಲ, ಕಿತ್ತು ನೆಟ್ಟದ್ದು. ಮೊದಲ ಹೆಸರು ಪಾಪನಪಲ್ಲಿ. ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರಿಟ್ಟು ಶ್ರೀನಿವಾಸಪುರ ಮಾಡಿದರೆಂದು ಹಳೆಯ ಗೆಜೆಟಿಯರು ಹೇಳುತ್ತದೆ. ಪುರ ಬಂತು, ಪಲ್ಲಿ ಹೋಯಿತು. ಆದರೆ ತಾಲ್ಲೂಕಿನೊಳಗೆ ಗೌನಿಪಲ್ಲಿಯಂಥ ಪಲ್ಲಿಗಳು ಹಾಗೇ ಉಳಿದಿವೆ. ನಮ್ಮ ಊರಿಗೆ ಸರ್ಕಾರದ ಹಲಗೆಯಲ್ಲಿ 'ಹಳ್ಳಿ', ಜನರ ಬಾಯಲ್ಲಿ 'ಪಲ್ಲಿ'. ಕನ್ನಡದಲ್ಲಿ ಹಿಂದೆ ಪಕಾರವಿದ್ದ ಕಡೆ ಹಕಾರ ಬಂದಾಗ ಆ ಸುದ್ದಿ ನಮ್ಮೂರಿಗೆ ಅರ್ಧ ಮಾತ್ರ ಮುಟ್ಟಿತು ಅಂತ ಕಾಣುತ್ತದೆ.

ಆ ಬದಲಾವಣೆಯನ್ನು ಭಾಷಾಶಾಸ್ತ್ರಜ್ಞರು ಶಾಸನಗಳಲ್ಲಿ ಹುಡುಕುತ್ತಾರೆ. ನಾನು ದಿನಾ ಬೆಳಿಗ್ಗೆ ಆರು ಗಂಟೆಗೆ ಕೇಳುತ್ತಿದ್ದೆ. ಹಾಲು ತರುವ ಮುದುಕಿ ಬೀದಿಯಲ್ಲಿ "ಪಾಲು" ಅನ್ನುತ್ತಿದ್ದಳು. ಇಸ್ಕೂಲಿನ ಪುಸ್ತಕ ತೆರೆದರೆ "ಹಾಲು". ಕನ್ನಡದ ಮನೆಯಿಂದ ಬಂದ ನಮ್ಮ ಜೀತಗಾರ "ಆಲು" ಅನ್ನುತ್ತಿದ್ದ; ಹಕಾರ ಅವನ ನಾಲಿಗೆಯಲ್ಲಿ ನಿಲ್ಲುತ್ತಿರಲಿಲ್ಲ. ಪಾಲು, ಹಾಲು, ಆಲು. ಒಂದು ಸಾವಿರ ವರ್ಷದ ಕನ್ನಡ ಒಂದು ಚೆಂಬಿನಲ್ಲಿ. ನನ್ನ ಅಜ್ಜಿ ಮೂರನ್ನೂ ಕೇಳಿಸಿಕೊಂಡು, ನೀರು ಎಷ್ಟು ಬೆರೆಸಿದ್ದಾರೆ ಅಂತ ಮಾತ್ರ ನೋಡುತ್ತಿದ್ದಳು.

ಅಜ್ಜಿಯನ್ನು ನಾವು 'ಅವ್ವ' ಅನ್ನುತ್ತಿದ್ದೆವು. ನಮ್ಮ ತೆಲುಗಿನಲ್ಲಿ ಅವ್ವ ಅಂದರೆ ಅಜ್ಜಿ. ಮೈಸೂರಿನ ಕಡೆಯ ನೆಂಟರೊಬ್ಬರು ಒಮ್ಮೆ ಮಧ್ಯಾಹ್ನ ಬಂದು, ಬಿಸಿಲಿನಲ್ಲೇ ಹೊರಟು ನಿಂತಾಗ ಅವ್ವ ಅಡ್ಡ ಬಂದು, "ಈ ಪೂಟ ಉಂಡು ನಾಯನಾ" ಅಂದಳು. ತೆಲುಗಿನಲ್ಲಿ 'ಉಂಡು' ಅಂದರೆ ಇರು. ಆತ ಗಾಬರಿಯಿಂದ, "ಉಂಡೆ ತಾಯಿ, ಆಗಲೇ ಉಂಡೆ, ನೀವೇ ಬಡಿಸಿದ್ರಲ್ಲ" ಅಂದರು. ಅವ್ವನಿಗೆ 'ಉಂಡೆ' ಮಾತ್ರ ಕೇಳಿಸಿತು. ಇರುತ್ತಾನೆ ಅಂತ ತಿಳಿದು ರಾತ್ರಿಗೆ ಕೋಳಿ ಹಿಡಿಸಿದಳು. ಆತ ಇದ್ದುಬಿಟ್ಟರು. ಕೋಳಿಯ ಮುಂದೆ ಯಾವ ಭಾಷೆಯೂ ತಡೆಯಲಾರದು.

ಅವ್ವ ತೀರಿಕೊಂಡಾಗ ನಾನು ಮುಳಬಾಗಿಲಿನಲ್ಲಿ ಸೋದರಮಾವನ ಮನೆಯಲ್ಲಿದ್ದು ಹೈಸ್ಕೂಲು ಓದುತ್ತಿದ್ದೆ. ನಮ್ಮ ಕನ್ನಡ ಮೇಷ್ಟ್ರು ಧಾರವಾಡದ ಕಡೆಯವರು. "ನಮ್ಮ ಅವ್ವ ತೀರಿಕೊಂಡಿರುವುದರಿಂದ ಮೂರು ದಿನ ರಜೆ ದಯಪಾಲಿಸಬೇಕೆಂದು" ಬರೆದು ಕೊಟ್ಟೆ. ಅವರ ಕಡೆ ಅವ್ವ ಅಂದರೆ ಹೆತ್ತ ತಾಯಿ. ಚೀಟಿ ಓದಿದವರೇ ಕುರ್ಚಿಯಿಂದ ಎದ್ದು ನನ್ನನ್ನು ತಬ್ಬಿಕೊಂಡರು. ಕೋಲು ಹಿಡಿದ ಕೈ ಬೆನ್ನು ಸವರಿದ್ದು ಅದೇ ಮೊದಲು. ಮೂರು ದಿನ ಕೇಳಿದವನಿಗೆ ಹದಿನೈದು ದಿನ ಕೊಟ್ಟರು. ಜೇಬಿನಿಂದ ಎರಡು ರೂಪಾಯಿ ತೆಗೆದು ಬಸ್ಸಿಗೆ ಇಟ್ಟುಕೋ ಅಂದರು. ನಾನು ತಿದ್ದಲಿಲ್ಲ. ನನಗೆ ನಿಜವಾಗಿ ಅಳು ಬಂದಿತ್ತು, ಅದಕ್ಕಿಂತ ದೊಡ್ಡ ಕಾರಣ ಎರಡು ರೂಪಾಯಿ.

ಒಂದು ತಿಂಗಳ ಮೇಲೆ ನಮ್ಮಮ್ಮ, ಕೈಯಲ್ಲಿ ಹುರಿಗಾಳಿನ ಡಬ್ಬಿ ಹಿಡಿದುಕೊಂಡು, ಇಸ್ಕೂಲಿನ ಗೇಟಿಗೆ ಬಂದಳು. "ಯಾರಮ್ಮ ನೀವು?" ಅಂದರು ಮೇಷ್ಟ್ರು. ಅಮ್ಮ ನನ್ನ ಹೆಸರು ಹೇಳಿ, ಅವನ ತಾಯಿ ಅಂದಳು. ಮೇಷ್ಟ್ರು ನನ್ನ ಕಡೆ ತಿರುಗಿದಾಗ ಅವರ ಯಕೃತ್ತು ಎದ್ದು ನಿಂತದ್ದು ನನಗೆ ಹೊರಗಿನಿಂದಲೇ ಕಂಡಿತು. ಆದರೆ ಹೊಡೆಯಲಿಲ್ಲ. ವಿಷಯ ತಿಳಿದ ಮೇಲೆ ತರಗತಿಯಲ್ಲಿ ನಿಲ್ಲಿಸಿ, 'ಅವ್ವ' ಎಂಬ ಪದಕ್ಕೆ ಏಳು ವಿಭಕ್ತಿಗಳನ್ನು ಹಚ್ಚಿ ಐವತ್ತು ಸಲ ಬರೆಯಲು ಹೇಳಿದರು. ಅವ್ವನು, ಅವ್ವನನ್ನು ಅಂತ ಶುರುಮಾಡಿದೆ. "ಅವ್ವನಿಗೆ ಮೀಸೆ ಬಂತೇನೋ?" ಅಂದರು. ಅಲ್ಲಿಂದ ಅವ್ವಳು ಅಂದೆ. ಅದೂ ತಪ್ಪು. ಸುಮ್ಮನೆ ಅವ್ವ, ಅವ್ವನನ್ನು, ಅವ್ವನಿಗೆ. ಕನ್ನಡದಲ್ಲಿ ಅಮ್ಮನಿಗೂ ಅಕ್ಕನಿಗೂ ಅಣ್ಣನ ಹಾಗೆಯೇ 'ನ' ಬರುತ್ತದೆ ಎಂಬುದು ನನಗೆ ಆ ದಿನ ತಿಳಿಯಿತು. ಯಾಕೆ ಎಂದು ಇನ್ನೂ ತಿಳಿದಿಲ್ಲ.

ಆ ಮೇಷ್ಟ್ರು ನಮಗೆ ಪ್ರತ್ಯಯಗಳನ್ನು ಮಗ್ಗಿಯ ಹಾಗೆ ಹೇಳಿಸುತ್ತಿದ್ದರು. ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ, ಚತುರ್ಥೀ ಗೆ ಕ್ಕೆ, ಪಂಚಮೀ ದೆಸೆಯಿಂದ, ಷಷ್ಠೀ ಅ, ಸಪ್ತಮೀ ಅಲ್ಲಿ. ಮನೆಗೆ ಹೋಗುವ ದಾರಿಯಲ್ಲಿ ನಾವು ತೆಲುಗಿನ ಪದಗಳಿಗೆ ಇವನ್ನು ಹಚ್ಚಿಕೊಂಡು ನಗುತ್ತಿದ್ದೆವು. ಚೆಟ್ಟು ಅಂದರೆ ಮರ. ಚೆಟ್ಟನ್ನು, ಚೆಟ್ಟಿಂದ, ಚೆಟ್ಟಿಗೆ, ಚೆಟ್ಟಿನ ದೆಸೆಯಿಂದ, ಚೆಟ್ಟಲ್ಲಿ. ಈ 'ದೆಸೆಯಿಂದ' ನಮ್ಮ ಪಾಲಿಗೆ ದೊಡ್ಡ ತಮಾಷೆ. ಮರದ ದೆಸೆಯಿಂದ ಹಣ್ಣು ಬಿತ್ತು ಅಂತ ಪುಸ್ತಕದಲ್ಲಿತ್ತು. ಅಂಥ ಹಣ್ಣು ಎಲ್ಲೂ ಬಿದ್ದದ್ದನ್ನು ನಾವು ಕಂಡಿರಲಿಲ್ಲ. ಕಂಡಕ್ಟರು ಎಲ್ಲಿಂದ ಅಂತ ಕೇಳಿದಾಗ ನನ್ನ ಗೆಳೆಯನೊಬ್ಬ ಗಂಭೀರವಾಗಿ "ನಂಗಲಿಯ ದೆಸೆಯಿಂದ" ಅಂದ. ಕಂಡಕ್ಟರು ಅವನನ್ನು ಮುಂದಿನ ಸ್ಟಾಪಿನಲ್ಲಿ ಇಳಿಸಿದರು. ಸಂಸ್ಕೃತದಲ್ಲಿ ಏಳು ವಿಭಕ್ತಿ ಇವೆ ಅಂತ ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನೂ ಶಬ್ದಮಣಿದರ್ಪಣದಲ್ಲಿ ಏಳು ಮನೆ ಕಟ್ಟಿದ. ಐದನೆಯ ಮನೆಗೆ ಒಕ್ಕಲು ಬರಲೇ ಇಲ್ಲ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ. ಎನ್. ಶಂಕರ ಭಟ್ಟರು ಪುಸ್ತಕವನ್ನೇ ಬರೆದರು. ಅದು ನಾನು ಹೈಸ್ಕೂಲಿನಲ್ಲಿದ್ದಾಗ ಬಂದಿದ್ದರೆ ನನ್ನ ಬೆನ್ನಿಗೆ ಎಷ್ಟೋ ಉಪಕಾರವಾಗುತ್ತಿತ್ತು.

ಊರ ಹೆಸರನ್ನೂ ಮೇಷ್ಟ್ರು ಬಿಡಿಸಿ ತೋರಿಸಿದರು. ಮೂಡಲ ಬಾಗಿಲು, ಮುಳಬಾಗಿಲು. ನಾಡಿಗೆ ಪೂರ್ವದ ಬಾಗಿಲು ಅಂತ. ನಾವೆಲ್ಲ ಅದುವರೆಗೆ ಮುಳ್ಳಿನ ಬಾಗಿಲು ಅಂತ ತಿಳಿದಿದ್ದೆವು. ದಾರಿಯುದ್ದಕ್ಕೂ ಜಾಲಿ ಇದ್ದದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

ಇನ್ನೊಂದು ಬಾಲದ ಕಥೆ ಹೇಳಿ ಮುಂದೆ ಹೋಗುತ್ತೇನೆ. ತೆಲುಗಿನಲ್ಲಿ ಒಬ್ಬ ಹೆಂಗಸು ಬಂದರೂ 'ವಚ್ಚಿಂದಿ', ಎಮ್ಮೆ ಬಂದರೂ 'ವಚ್ಚಿಂದಿ'. ಆ ರೂಢಿಗೆ ನಾವು ಕನ್ನಡದಲ್ಲೂ "ಅಮ್ಮ ಬಂತು", "ಅಕ್ಕ ಹೋಯ್ತು" ಅನ್ನುತ್ತೇವೆ. ಅದರಲ್ಲಿ ಅಗೌರವ ಒಂದು ಕಾಳಿನಷ್ಟೂ ಇಲ್ಲ. ಇದ್ದರೆ ಮುದ್ದು ಇರಬಹುದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಳೇ ಮೈಸೂರಿನ ಸಾಹೇಬರೊಬ್ಬರ ಮುಂದೆ, "ಸಾರ್, ಊರಿಂದ ಅಮ್ಮ ಬಂತು, ಅರ್ಧ ದಿನ ರಜೆ ಬೇಕು" ಅಂದೆ. ಅವರು ಕನ್ನಡಕ ಕೆಳಗಿಳಿಸಿ, "ಕಟ್ಟಿ ಹಾಕಿದ್ದೀರಾ?" ಅಂದರು.

ಈಗ ಮರದ ವಿಷಯ.

ನಮ್ಮ ತಾತನ ಮಾವಿನ ತೋಟ ನಾಲ್ಕು ಎಕರೆ. ನಡುವೆ ಒಂದು ಬದು. ಬದುವಿನ ಮೇಲೆ ಒಂದು ನಾಟಿ ಮರ. ಬಾದಾಮಿ, ರಸಪುರಿ, ತೋತಾಪುರಿ, ನೀಲಂ ಎಲ್ಲ ಮಂಡಿಗೆ ಹೋಗುವ ಜಾತಿ. ಈ ಮರಕ್ಕೆ ಜಾತಿ ಇರಲಿಲ್ಲ. ಕಾಯಿ ಸಣ್ಣದು, ನಾರು ಹೆಚ್ಚು, ಹುಳಿಯೆಂದರೆ ಹಲ್ಲು ಜುಮ್ಮೆನ್ನುವ ಹುಳಿ. ಉಪ್ಪಿನಕಾಯಿಗೆ ಮಾತ್ರ ಅದರ ಸಮ ಇನ್ನೊಂದಿಲ್ಲ. ಚಿಕ್ಕಪ್ಪನ ಹೆಂಡತಿ, ನಮ್ಮ ಪಿನ್ನಮ್ಮ, ಪ್ರತಿ ವರ್ಷ ಯುಗಾದಿ ಕಳೆದ ಮೇಲೆ ಆ ಕಾಯಿಯನ್ನು ಕೆಳಗೆ ಬೀಳಿಸದೆ ಬುಟ್ಟಿಗೆ ಇಳಿಸಿಸಿ, ತೊಟ್ಟಿನ ಸೊನೆ ಒರೆಸಿ, ಓಟೆಯ ಸಮೇತ ಕೊಚ್ಚಿ, ಸಾಸಿವೆ ಮೆಂತ್ಯ ಹಾಕಿ ದೊಡ್ಡ ಪಿಂಗಾಣಿ ಜಾಡಿಯಲ್ಲಿ ಉಪ್ಪಿನಕಾಯಿ ಹಾಕುತ್ತಿದ್ದಳು. ಜಾಡಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಗಂಟು ಹಾಕುವಾಗ ಯಾರೂ ಮಾತಾಡಬಾರದು. ಮಾತಾಡಿದರೆ ಬೂಷ್ಟು ಹಿಡಿಯುತ್ತದೆ ಅನ್ನುತ್ತಿದ್ದಳು. ಪಿನ್ನಮ್ಮನ ಬಾಯಲ್ಲಿ ಎಲ್ಲವೂ 'ಮನ'. ಮನ ಇಲ್ಲು, ಮನ ಬಾವಿ, ಮನ ಚೆಟ್ಟು. ನಾನು ಅವಳ ಮಗನಲ್ಲ ಎಂದು ಆ ಭಾಷೆ ಕೇಳಿದವರಿಗೆ ಗೊತ್ತಾಗುತ್ತಿರಲಿಲ್ಲ.

ಮಾಸ್ತಿಯವರಿಗೆ 1983ರ ಜ್ಞಾನಪೀಠ ಬಂತೆಂದು ಪತ್ರಿಕೆಯಲ್ಲಿ ಓದಿ ಜಿಲ್ಲೆಯ ಜನ ಬೀಗಿದ ಕಾಲದಲ್ಲೇ ನಮ್ಮ ಮನೆ ಪಾಲಾಯಿತು. ಜಗಳವೇನೂ ಇರಲಿಲ್ಲ. ಮಕ್ಕಳು ದೊಡ್ಡವರಾದರು, ಇರುವಾಗಲೇ ಹಂಚಿಕೊಳ್ಳೋಣ ಅಂತ ಅಣ್ಣತಮ್ಮಂದಿರು ಒಂದು ಲೋಟ ಹಾಲು ಕುಡಿದು ತೀರ್ಮಾನಿಸಿದರು. ಒಂದು ಪಾಲು ಕುಡಿಯಲಿಕ್ಕೆ, ಒಂದು ಪಾಲು ಹಂಚಲಿಕ್ಕೆ. ತೆಲುಗಿಗೆ ಎರಡೂ ಒಂದೇ. ಪಾಲುಪಟ್ಟಿ ಬರೆಯುವ ಕೆಲಸ ನನಗೆ ಬಂತು. ಸರ್ಕಾರಿ ಗುಮಾಸ್ತ, ಅಕ್ಷರ ದುಂಡಗೆ, ಧಾರವಾಡದ ಮೇಷ್ಟ್ರ ಶಿಷ್ಯ.

ನಾನು ಬರೆದದ್ದು ಇಷ್ಟು: "ಬದುವಿನ ಮೇಲಿರುವ ನಾಟಿ ಮಾವಿನ ಮರದಿಂದ ಪೂರ್ವಕ್ಕಿರುವ ಜಮೀನು ಒಂದನೇ ಪಾಲು. ಸದರಿ ಮರದಿಂದ ಪಶ್ಚಿಮಕ್ಕಿರುವ ಜಮೀನು ಎರಡನೇ ಪಾಲು." ಇಬ್ಬರೂ ಓದಿಸಿ ಕೇಳಿ, ಚೆನ್ನಾಗಿದೆ ಅಂದರು. ರುಜು ಹಾಕಿದರು.

ಮುಂದಿನ ಯುಗಾದಿಗೆ ಮರ ಕಾಯಿ ಬಿಟ್ಟಾಗ ತಿಳಿಯಿತು, ಮರ ಯಾರ ಪಾಲಿಗೂ ಬಂದಿಲ್ಲ. ಅಥವಾ ಇಬ್ಬರ ಪಾಲಿಗೂ ಬಂದಿದೆ. ನಮ್ಮಪ್ಪ ಹೇಳಿದರು, "ಸೋಮವಾರದಿಂದ ರಜೆ ಅಂದ್ರೆ ಸೋಮವಾರಾನೂ ರಜೇನೇ ಅಲ್ವಾ? ಮರದಿಂದ ಪೂರ್ವಕ್ಕೆ ಅಂದ್ರೆ ಮರಾನೂ ಸೇರಿ." ಚಿಕ್ಕಪ್ಪ ಹೇಳಿದರು, "ಆಗಲಣ್ಣಾ. ಮರದಿಂದ ಪಶ್ಚಿಮಕ್ಕೆ ಅಂದ್ರೂ ಮರಾನೂ ಸೇರೇ ತಾನೆ?" ಇಬ್ಬರೂ ನನ್ನ ಕಡೆ ನೋಡಿದರು. ಇಂದ ಎಂಬ ಪ್ರತ್ಯಯ ಕೊಡಲಿಯಿಂದ ಕಡಿಯುತ್ತದೆ, ಕೊಂಬೆಯಿಂದ ಬೀಳಿಸುತ್ತದೆ, ಅದರಿಂದಾಗಿ ಮಾತು ಬಿಡಿಸುತ್ತದೆ. ಆದರೆ ತಾನು ಹಿಡಿದುಕೊಂಡ ಪದವನ್ನು ಗೆರೆಯ ಒಳಗೆ ಇಟ್ಟಿದೆಯೋ ಹೊರಗೆ ಇಟ್ಟಿದೆಯೋ ಎಂದು ಮಾತ್ರ ಹೇಳುವುದಿಲ್ಲ. 'ಮರವನ್ನೊಳಗೊಂಡಂತೆ' ಎಂದು ಒಂದು ಪದ ಬರೆದಿದ್ದರೆ ಸಾಕಿತ್ತು. ಕೇಶಿರಾಜನ ದೆಸೆಯಿಂದಲೂ ನನಗೆ ಸಹಾಯ ಒದಗಲಿಲ್ಲ.

ಕೋರ್ಟಿಗೆ ಯಾರೂ ಹೋಗಲಿಲ್ಲ. ವಕೀಲರ ಫೀಸಿಗೆ ಅಂಥ ಹತ್ತು ಮರ ಬರುತ್ತಿದ್ದವು. ಪೂರ್ವದ ಕೊಂಬೆ ನಮ್ಮದು, ಪಶ್ಚಿಮದ ಕೊಂಬೆ ಅವರದು, ತುದಿ ಕೋತಿಗಳದು ಅಂತ ತಾನಾಗಿಯೇ ಒಂದು ವ್ಯವಸ್ಥೆ ಆಯಿತು. ಆದರೆ ಒಂದು ದಿನ ನಾನು ಕಾಯಿ ಕೀಳಲು ಪೂರ್ವದ ಕೊಂಬೆಗೆ ದೋಟಿ ಹಾಕಿದಾಗ ಅದು ಜಾರಿ ಪಶ್ಚಿಮಕ್ಕೆ ತಗುಲಿತು. ಆ ಕಡೆಯಿಂದ ಪಿನ್ನಮ್ಮನ ದನಿ ಬಂತು: "ಅದಿ ಮಾ ಚೆಟ್ಟು. ಮುಟ್ಟೊದ್ದು."

ಮುಟ್ಟಬೇಡ ಅಂದದ್ದು ನನಗೆ ತಾಗಲಿಲ್ಲ. 'ಮಾ' ತಾಗಿತು. ಒಂದು ಅಕ್ಷರ ಉದುರಿ, ಉಳಿದ ಒಂದನ್ನು ಎಳೆದು ದೀರ್ಘ ಮಾಡಿದ್ದಾಳೆ, ಅಷ್ಟೇ. ಕನ್ನಡದಲ್ಲಿ ಬೈದಿದ್ದರೆ 'ಅದು ನಮ್ಮ ಮರ' ಅನ್ನುತ್ತಿದ್ದಳು, ನಾನು ಹೌದು ನಮ್ಮದೇ ಅಂತ ನಗುತ್ತಾ ದೋಟಿ ಎಳೆದುಕೊಳ್ಳಬಹುದಿತ್ತು. ಆ ವರ್ಷದಿಂದ ಜಾಡಿ ಬರುವುದು ನಿಂತಿತು. ಅಪ್ಪ ಹೋದರು, ಚಿಕ್ಕಪ್ಪ ಹೋದರು. ಮದುವೆ ತಿಥಿಗಳಲ್ಲಿ ಪಿನ್ನಮ್ಮನೂ ನಾನೂ ಎದುರಾದರೆ ಕನ್ನಡದಲ್ಲಿ ಮಾತಾಡಿಕೊಂಡೆವು. ಚೆನ್ನಾಗಿದೀರಾ, ಊಟ ಆಯ್ತಾ. ಹೊಸಿಲಾಚೆಯ ಭಾಷೆ.

ಹುಡುಗಿ ಈ ಸಲ ತನ್ನ ಓದಿಗಾಗಿ ಅಜ್ಜಿಯ ಮಾತನ್ನು ಫೋನಿನಲ್ಲಿ ಹಿಡಿಯಬೇಕಿತ್ತು. ನೀನೂ ಬಾ ಪೆದ್ನಾಯ್ನಾ, ಬರೆದುಕೊಳ್ಳೋಕೆ ಒಬ್ಬರು ಬೇಕು ಅಂದಳು. ಗುಮಾಸ್ತನಿಗೆ ಬರೆಯಲು ಕರೆದರೆ ಬಿಗುಮಾನ ಮಾಡಲಾಗುವುದಿಲ್ಲ. ಬಸ್ಸಿನಲ್ಲಿ ಹೋದೆವು. ಪಿನ್ನಮ್ಮನಿಗೆ ಎಂಬತ್ತು ದಾಟಿದೆ. ಪಡಸಾಲೆಯಲ್ಲಿ ಕಂಬಕ್ಕೊರಗಿ ಕೂತಿದ್ದಳು, ಮೊಮ್ಮಗಳು ಎದುರು ಕೂತಳು. ನಾನು ಬಾಗಿಲ ಹತ್ತಿರ ಗೋಡೆಗೆ ಒರಗಿ ನೋಟ್‌ಬುಕ್ಕು ಹಿಡಿದು ನಿಂತೆ. ಕಣ್ಣು ಮಂಜು, ನಾನೆಂದು ಕಂಡಿತೋ ಇಲ್ಲವೋ. ಹುಡುಗಿ ಸುಮಾರು ಕೇಳಿದಳು: ನೇಗಿಲು, ಕಣಜ, ಮೊಸರು, ನಿನ್ನೆ, ಮೊನ್ನೆ, ಆಚೆ ಮೊನ್ನೆ. ಆಮೇಲೆ ಕಿಟಕಿಯ ಕಡೆ ಕೈ ತೋರಿಸಿ, "ಅವ್ವಾ, ಆ ಚೆಟ್ಟು ಎವರಿದಿ?" ಅಂದಳು. ಆ ಮರ ಯಾರದು ಅಂತ.

ಪಿನ್ನಮ್ಮ ತಿರುಗಿ ಕೂಡ ನೋಡಲಿಲ್ಲ. "ಇಂಕೆವರಿದಿ, ಮನ ಚೆಟ್ಟೇ ಕದಮ್ಮಾ."

ಬರೆದುಕೊಂಡೆ. ವಾಪಸು ಬರುವಾಗ ಬಸ್ಸಿನಲ್ಲಿ ಹುಡುಗಿಯನ್ನು ಕೇಳಿದೆ, "ಆ ಮನದಲ್ಲಿ ನಾನಿದ್ದೀನಾ?"

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ರೂಲ್ ಪ್ರಕಾರ ಕೇಳಿಸಿಕೊಳ್ಳೋರು ಸೇರಿ. ಅವ್ವ ಮಾತಾಡ್ತಿದ್ದದ್ದು ನನ್ ಹತ್ರ. ನೀನು ಬಾಗಿಲ ಹತ್ರ ಇದ್ದೆ. ಹೇಳೋಕಾಗಲ್ಲ ಪೆದ್ನಾಯ್ನಾ."

"ಆ ದ್ವೀಪದವರಾದ್ರೆ?"

"ಅವರಿಗೂ ಹೇಳೋಕಾಗಲ್ಲ."

ಹೊರಡುವಾಗ ಯಾರೋ ನನ್ನ ಚೀಲದಲ್ಲಿ ಒಂದು ಸಣ್ಣ ಜಾಡಿ ಇಟ್ಟಿದ್ದರು, ಬಾಯಿಗೆ ಬಿಳಿ ಬಟ್ಟೆ ಕಟ್ಟಿ. ಮನೆಗೆ ಬಂದು ಬಿಚ್ಚಿದರೆ ಅದೇ ಹುಳಿ, ಅದೇ ನಾರು. ಹುಡುಗಿಯನ್ನು ಕೇಳಿದರೆ ನನಗೆ ಗೊತ್ತಿಲ್ಲ ಅನ್ನುತ್ತಾಳೆ. ತಿಂಗಳೊಪ್ಪತ್ತಿನಲ್ಲಿ ಜಾಡಿ ಖಾಲಿಯಾಯಿತು. ಬರೀ ಜಾಡಿ ಹಿಂದಿರುಗಿಸುವ ಪದ್ಧತಿ ನಮ್ಮ ಕಡೆ ಇಲ್ಲ. ಹೆಂಡತಿ ತೊಳೆದು ಒಣಗಿಸಿ, ಅರ್ಧ ಕೆಜಿ ಬೆಲ್ಲ ತುಂಬಿಟ್ಟಿದ್ದಾಳೆ. ಭಾನುವಾರ ಶ್ರೀನಿವಾಸಪುರದ ಬಸ್ಸಿಗೆ ಹೋಗಬೇಕು.